ವಿದ್ಯಾರ್ಥಿಗಳಿಗೆ ಆದರ್ಶ: ಗಾನಯೋಗಿ ಪಂಚಾಕ್ಷರ ಗವಾಯಿಗಳು

ವಿದ್ಯೆಯು ಯಾರ ಮನೆಯ ಸ್ವತ್ತೂ ಅಲ್ಲ. ಸಿರಿವಂತನ ಮಗನಿಗೆ ಅದು ತಾನಾಗಿ ಒಲಿದು ಬಂದುದಿಲ್ಲ. ಬಡವನ ಮಗನನ್ನು ಅದು ಬಾಗಿಲಲ್ಲಿ ತಡೆದು ನಿಲ್ಲಿಸಿದುದೂ ಇಲ್ಲ. ಅದು ಕೇಳುವುದು ಶ್ರದ್ಧೆಯನ್ನು, ಅಭ್ಯಾಸವನ್ನು, ವಿನಯವನ್ನು. ಈ ಮಾತನ್ನು ಶಾಲೆಯ ಗೋಡೆಯ ಮೇಲೆ ಬರೆಯುವುದು ಸುಲಭ. ಬಾಳಿ ತೋರಿಸುವುದು ಕಷ್ಟ. ಹಾಗೆ ಬಾಳಿ ತೋರಿಸಿದ ಮಹನೀಯರಲ್ಲಿ ಗದುಗಿನ ಗಾನಯೋಗಿ ಪಂಚಾಕ್ಷರ ಗವಾಯಿಗಳ ಹೆಸರು ಮೊದಲಿಗೆ ನೆನಪಾಗುತ್ತದೆ. ಹುಟ್ಟಿನಿಂದಲೇ ಕಣ್ಣಿನ ಬೆಳಕನ್ನು ಕಾಣದ ಬಾಲಕನೊಬ್ಬನು ಸಂಗೀತದ ಎರಡು ಪದ್ಧತಿಗಳಲ್ಲಿ ಪಾರಂಗತನಾಗಿ, ನೂರಾರು ಮಕ್ಕಳಿಗೆ ಗುರುವಾಗಿ ನಿಂತ ಕಥೆ ಅವರದು. ಭೀಮಾಂಬಿಕೆಯ ನೆಲೆಯಾದ ಇಟಗಿಯ ಸುತ್ತಲಿನ ಜನಕ್ಕೆ ಈ ಕಥೆ ದೂರದ್ದಲ್ಲ. ಗವಾಯಿಗಳ ಸಂಗೀತ ಪಾಠಶಾಲೆ ಮೊದಲು ಬೇರೂರಿದ ನಿಡಗುಂದಿಕೊಪ್ಪವೂ ಇದೇ ಸೀಮೆಯ ಊರು.

ಜನನ ಮತ್ತು ಬಾಲ್ಯ

ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿ ಒಂದು ಸಣ್ಣ ಗ್ರಾಮ. ಅಂದು ಅದು ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಗೆ ಸೇರಿತ್ತು. ಇಂದು ಹಾವೇರಿ ಜಿಲ್ಲೆಯಲ್ಲಿದೆ. ಅಲ್ಲಿಯ ಬಡ ಜಂಗಮ ದಂಪತಿಗಳಾದ ಗುರುಪಾದಯ್ಯ ಮತ್ತು ನೀಲಮ್ಮ ಇವರ ಉದರದಲ್ಲಿ 1892ನೆಯ ಇಸವಿ ಫೆಬ್ರುವರಿ 2ರಂದು ಜನಿಸಿದ ಶಿಶುವಿಗೆ ಗದಿಗೆಯ್ಯನೆಂದು ಹೆಸರಿಟ್ಟರು. ಹಿರಿಯ ಮಗ ಗುರುಬಸಯ್ಯನೂ ಹುಟ್ಟು ಕುರುಡ. ಎರಡನೆಯ ಮಗುವಿಗೂ ದೃಷ್ಟಿಯಿಲ್ಲವೆಂದು ತಿಳಿದಾಗ ಆ ತಾಯಿತಂದೆಗಳ ಮನಸ್ಸು ಎಷ್ಟು ನೊಂದಿರಬೇಕೆಂಬುದನ್ನು ಯಾರಾದರೂ ಊಹಿಸಬಹುದು.

ಆ ಕಾಲದಲ್ಲಿ ಅಂಧ ಬಾಲಕನ ಮುಂದೆ ತೆರೆದಿದ್ದ ದಾರಿಗಳು ಬಹಳ ಕಡಿಮೆ. ಭಾರತದಲ್ಲಿ ಅಂಧರಿಗಾಗಿ ಮೊದಲ ಶಾಲೆ ದೂರದ ಅಮೃತಸರದಲ್ಲಿ 1887ರಲ್ಲಿ ಆರಂಭವಾಗಿತ್ತು. ಕನ್ನಡವೂ ಸೇರಿದಂತೆ ದೇಶದ ಭಾಷೆಗಳಿಗೆಲ್ಲ ಹೊಂದುವ ಭಾರತಿ ಬ್ರೈಲ್ ಲಿಪಿ ರೂಪುಗೊಂಡುದು 1951ರಲ್ಲಿ. ಹಾನಗಲ್ಲ ಸೀಮೆಯ ಹಳ್ಳಿಯೊಂದರ ಮಕ್ಕಳಿಗೆ ಇದಾವುದರ ಸುಳಿವೂ ಇರಲಿಲ್ಲ. ಭಿಕ್ಷೆಯಿಂದ ಹೊಟ್ಟೆ ಹೊರೆಯುವುದು, ಇಲ್ಲವೇ ಮನೆಯ ಮೂಲೆಯಲ್ಲಿ ಕುಳಿತು ಆಯುಷ್ಯ ಕಳೆಯುವುದು, ಇಷ್ಟೇ ಲೋಕವು ಅವರಿಗೆ ಗೊತ್ತುಮಾಡಿದ್ದ ಬಾಳು.

ಆದರೆ ಈ ಸಹೋದರರಿಗೆ ಕಿವಿಯಿತ್ತು, ಕಂಠವಿತ್ತು. ಊರಿನಲ್ಲಿ ಕೇಳಿಬಂದ ಹಾಡುಗಳನ್ನು ಅವರು ಹಾಗೆಯೇ ಹಿಡಿದು ಹಾಡುತ್ತಿದ್ದರು. ಹಾನಗಲ್ಲಿನ ಶ್ರೀ ಕುಮಾರ ಮಹಾಸ್ವಾಮಿಗಳು ಆ ಕಂಠವನ್ನು ಕೇಳಿದರು. 1904ರಲ್ಲಿ ವೀರಶೈವ ಮಹಾಸಭೆಯನ್ನು ಸ್ಥಾಪಿಸಿದ, 1909ರಲ್ಲಿ ಬಾದಾಮಿಯ ಬಳಿ ಮಲಪ್ರಭೆಯ ದಡದಲ್ಲಿ ಶಿವಯೋಗಮಂದಿರವನ್ನು ಕಟ್ಟಿದ ಪೂಜ್ಯರು ಇವರೇ. ಅವರು ಆ ಮಕ್ಕಳಿಗೆ ಅನ್ನ, ಆಶ್ರಯ, ಸಂಗೀತದ ಪಾಠ ಮೂರನ್ನೂ ಕಲ್ಪಿಸಿದರು. ಅಣ್ಣ ಗುರುಬಸಯ್ಯ ಬಹುಕಾಲ ಬಾಳಲಿಲ್ಲ. ಜೊತೆಗೆ ಹಾಡುತ್ತಿದ್ದ ದನಿ ನಿಂತುಹೋದ ಮೇಲೂ ತಮ್ಮನು ಪಾಠವನ್ನು ಬಿಡಲಿಲ್ಲ. ಗದಿಗೆಯ್ಯನು ಮುಂದೆ ಪಂಚಾಕ್ಷರಿಯಾದನು. ಪಂಚಾಕ್ಷರಿಯು ಪಂಚಾಕ್ಷರ ಗವಾಯಿಗಳಾದರು.

ವಿದ್ಯಾರ್ಥಿ ದೆಸೆ

ಗವಾಯಿಗಳು ಮೊದಲು ಕರ್ನಾಟಕ ಸಂಗೀತವನ್ನು ಅಭ್ಯಾಸ ಮಾಡಿದರು. ಅನಂತರ ಶ್ರೀ ಕುಮಾರ ಮಹಾಸ್ವಾಮಿಗಳ ಏರ್ಪಾಟಿನಿಂದ ಮಿರಜದ ನೀಲಕಂಠಬುವಾ ಆಲೂರಮಠ ಅವರಲ್ಲಿ ಹಿಂದೂಸ್ತಾನಿ ಸಂಗೀತವನ್ನು ಕಲಿತರು. ನೀಲಕಂಠಬುವಾ ಅವರು ಗ್ವಾಲಿಯರ್ ಘರಾಣೆಯ ಬಾಲಕೃಷ್ಣಬುವಾ ಇಚಲಕರಂಜೀಕರರ ಶಿಷ್ಯರು. ಧಾರವಾಡದ ಮಲ್ಲಿಕಾರ್ಜುನ ಮನಸೂರರಿಗೂ ಎಳವೆಯಲ್ಲಿ ಪಾಠ ಹೇಳಿದವರು ಇವರೇ. ಬಾಲಕೃಷ್ಣಬುವಾ ಅವರ ಮತ್ತೊಬ್ಬ ಶಿಷ್ಯರಾದ ವಿಷ್ಣು ದಿಗಂಬರ ಪಲುಸ್ಕರರು ಬಾಲ್ಯದಲ್ಲಿ ಪಟಾಕಿಯ ಅಪಘಾತದಿಂದ ಕಣ್ಣಿಗೆ ಪೆಟ್ಟಾದವರು. ಅವರು 1901ರಲ್ಲಿ ಲಾಹೋರಿನಲ್ಲಿ ಗಾಂಧರ್ವ ಮಹಾವಿದ್ಯಾಲಯವನ್ನು ತೆರೆದು ಸಂಗೀತವನ್ನು ಸಾಮಾನ್ಯ ಜನರ ಮಕ್ಕಳಿಗೂ ತಲುಪಿಸಿದರು. ಒಂದೇ ಗುರುಪರಂಪರೆಯ ಎರಡು ಕವಲುಗಳು, ಒಂದು ಪಂಜಾಬಿನಲ್ಲಿಯೂ ಇನ್ನೊಂದು ಕನ್ನಡ ನಾಡಿನಲ್ಲಿಯೂ, ವಿದ್ಯೆಯನ್ನು ಎಲ್ಲರ ಬಾಗಿಲಿಗೆ ಒಯ್ದುದು ಗಮನಿಸತಕ್ಕ ಸಂಗತಿ.

ಎರಡು ಪದ್ಧತಿಗಳನ್ನು ಕಲಿಯುವುದರ ಕಷ್ಟವನ್ನು ಸಂಗೀತ ಬಲ್ಲವರೇ ಅರಿಯಬಲ್ಲರು. ದಕ್ಷಿಣದ ಕಲ್ಯಾಣಿ ಉತ್ತರದಲ್ಲಿ ಯಮನ್ ಆಗುತ್ತದೆ; ಶಂಕರಾಭರಣದ ಸ್ವರಗಳೇ ಬಿಲಾವಲದ ಸ್ವರಗಳು; ಮಾಯಾಮಾಳವಗೌಳದ ಸ್ವರಗಳೇ ಭೈರವದ ಸ್ವರಗಳು. ದಕ್ಷಿಣದವರು ಹಿಂದೋಳವೆಂದು ಹಾಡುವುದು ಉತ್ತರದವರಿಗೆ ಮಾಲಕಂಸ. ಉತ್ತರದ ಹಿಂಡೋಲವು ಮತ್ತೊಂದೇ ರಾಗ. ಸ್ವರಗಳು ಒಂದೇ ಆದರೂ ನಡೆ ಬೇರೆ, ಗಮಕ ಬೇರೆ, ತಾಳದ ಲೆಕ್ಕ ಬೇರೆ. ಒಂದರಲ್ಲಿ ಕೃತಿಗೆ ಪ್ರಾಧಾನ್ಯ, ಇನ್ನೊಂದರಲ್ಲಿ ಖ್ಯಾಲಿನ ವಿಸ್ತಾರಕ್ಕೆ ಪ್ರಾಧಾನ್ಯ. ಒಂದನ್ನು ಚೆನ್ನಾಗಿ ಕಲಿತವನಿಗೆ ಎರಡನೆಯದು ಮತ್ತಷ್ಟು ಕಠಿಣವಾಗುತ್ತದೆ. ಕಲಿತ ಕಂಠವು ಹಳೆಯ ದಾರಿಗೇ ಎಳೆಯುತ್ತದೆ. ಬಲ್ಲೆನೆಂಬ ಭಾವವನ್ನು ಪಕ್ಕಕ್ಕಿಟ್ಟು ಮತ್ತೆ ಅ ಆ ಇ ಈ ಕಲಿಯುವ ಬಾಲಕನಂತೆ ಗುರುವಿನ ಮುಂದೆ ಕುಳಿತುಕೊಳ್ಳದೆ ಬೇರೆ ಮಾರ್ಗವಿಲ್ಲ. ಗವಾಯಿಗಳು ಹಾಗೆ ಕುಳಿತರು. ಎರಡೂ ಪದ್ಧತಿಗಳಲ್ಲಿ ಸಮಾನ ಪ್ರಭುತ್ವ ಪಡೆದ ಉಭಯ ಗಾನ ವಿಶಾರದರೆಂದು ನಾಡು ಅವರನ್ನು ಗೌರವಿಸಿದುದು ಈ ವಿನಯದ ಫಲ.

ಅಭ್ಯಾಸದ ನಾಲ್ಕು ಕಂಬಗಳು

ಗವಾಯಿಗಳ ವಿದ್ಯಾರ್ಜನೆಯನ್ನು ಪರಿಶೀಲಿಸಿದರೆ ಯಾವ ತರಗತಿಯ ವಿದ್ಯಾರ್ಥಿಗೂ ಉಪಯುಕ್ತವಾದ ನಾಲ್ಕು ಗುಣಗಳು ಎದ್ದು ಕಾಣುತ್ತವೆ.

ಮೊದಲನೆಯದು ಅವಧಾನ. ಕಣ್ಣುಳ್ಳ ವಿದ್ಯಾರ್ಥಿಗೆ ಪುಸ್ತಕದ ಭರವಸೆಯಿದೆ. ಇಂದು ಕೇಳದಿದ್ದರೆ ನಾಳೆ ಓದಿಕೊಂಡರಾಯಿತೆಂದು ಅವನ ಮನಸ್ಸು ಪಾಠದ ನಡುವೆಯೇ ಕಿಟಕಿಯಾಚೆ ಹಾರುತ್ತದೆ. ಗವಾಯಿಗಳಿಗೆ ಆ ಭರವಸೆ ಇರಲಿಲ್ಲ. ಗುರುವಿನ ಬಾಯಿಂದ ಹೊರಟ ಸ್ವರವನ್ನು ಆ ಕ್ಷಣದಲ್ಲಿ ಹಿಡಿಯದಿದ್ದರೆ ಅದು ಗಾಳಿಯಲ್ಲಿ ಕರಗಿಹೋಗುತ್ತಿತ್ತು. ಆದಕಾರಣ ಅವರಿಗೆ ಕಿವಿಯೇ ಪುಸ್ತಕ, ನೆನಪೇ ಹಲಗೆ. ಮನೆಯಲ್ಲಿ ಎರಡು ತಾಸು ಓದಿ ಪಡೆಯಬೇಕಾದುದನ್ನು ತರಗತಿಯಲ್ಲಿ ಏಕಚಿತ್ತದಿಂದ ಕೇಳಿದ ವಿದ್ಯಾರ್ಥಿ ಅರ್ಧ ತಾಸಿನಲ್ಲಿ ಪಡೆಯುತ್ತಾನೆಂಬುದು ಅನುಭವಿಗಳಾದ ಶಿಕ್ಷಕರೆಲ್ಲ ಬಲ್ಲ ಮಾತು.

ಎರಡನೆಯದು ಆವರ್ತನೆ. ಹಾಡುತ್ತ ಹಾಡುತ್ತ ರಾಗವೆಂಬ ಗಾದೆ ಕನ್ನಡಿಗರ ನಾಲಿಗೆಯ ಮೇಲೇ ಇದೆ. ಗುರುಕುಲದ ಸಂಗೀತಾಭ್ಯಾಸದಲ್ಲಿ ಬೆಳಗು ಹರಿಯುವ ಮುನ್ನವೇ ತಂಬೂರಿಯ ಶ್ರುತಿಗೆ ಕಂಠವನ್ನು ಕೂಡಿಸಿ ಮಂದ್ರ ಸ್ಥಾಯಿಯ ಷಡ್ಜವನ್ನು ನಿಲ್ಲಿಸಬೇಕು. ಕೇಳುವವರಿಗೆ ಅದರಲ್ಲಿ ಸೊಗಸಿಲ್ಲ. ಹಾಡುವವನಿಗೆ ಮೊದಮೊದಲು ಬೇಸರವೂ ಆಗುತ್ತದೆ. ಆ ಬೇಸರವನ್ನು ದಾಟಿದವನ ಕಂಠವೇ ಮುಂದೆ ಮೂರು ಸ್ಥಾಯಿಗಳಲ್ಲಿ ಸಲೀಸಾಗಿ ಸಂಚರಿಸುತ್ತದೆ. ಪರೀಕ್ಷೆಯ ಹಿಂದಿನ ರಾತ್ರಿ ನಿದ್ದೆಗೆಟ್ಟು ಓದುವ ವಿದ್ಯಾರ್ಥಿಗಿಂತ ದಿನಕ್ಕೊಂದು ತಾಸನ್ನು ತಪ್ಪದೆ ಮೀಸಲಿಡುವ ವಿದ್ಯಾರ್ಥಿ ಮುಂದಾಗುವುದು ಇದೇ ಕಾರಣದಿಂದ.

ಮೂರನೆಯದು ಕ್ರಮ. ಸರಳೆ, ಅಲಂಕಾರಗಳು ಗಟ್ಟಿಯಾಗದೆ ರಾಗಕ್ಕೆ ಕೈಹಾಕುವಂತಿಲ್ಲ. ಲಯ ನಿಲ್ಲದೆ ತಾನಗಳನ್ನು ಬೀಸುವಂತಿಲ್ಲ. ಬುನಾದಿಯಿಲ್ಲದ ಗೋಡೆ ಎಷ್ಟು ಎತ್ತರವಾದರೆ ಅಷ್ಟು ಬೇಗ ಬೀಳುತ್ತದೆ. ಮಗ್ಗಿ ಬಾರದ ಬಾಲಕನಿಗೆ ಬೀಜಗಣಿತವು ಭಯ ಹುಟ್ಟಿಸಿದರೆ ದೋಷವು ಬೀಜಗಣಿತದ್ದಲ್ಲ. ಹಿಂದೆ ಬಿಟ್ಟು ಬಂದ ಮೆಟ್ಟಿಲನ್ನು ಹುಡುಕಿ ಅಲ್ಲಿಂದ ಮತ್ತೆ ಏರುವುದರಲ್ಲಿ ಅವಮಾನವೇನೂ ಇಲ್ಲ.

ನಾಲ್ಕನೆಯದು ಪ್ರಶ್ನಿಸುವ ಮತ್ತು ತಿದ್ದಿಸಿಕೊಳ್ಳುವ ಧೈರ್ಯ. ಗುರುವಿನೆದುರು ಹಾಡುವವನು ತನ್ನ ತಪ್ಪನ್ನು ಮರೆಮಾಚಲಾರ. ಅಪಸ್ವರವು ಬಾಯಿಂದ ಹೊರಬಿದ್ದೊಡನೆ ಸಭೆಗೆಲ್ಲ ತಿಳಿಯುತ್ತದೆ. ಬರವಣಿಗೆಯ ತಪ್ಪನ್ನು ಕೈಯಿಂದ ಮುಚ್ಚಬಹುದು, ಸ್ವರದ ತಪ್ಪನ್ನು ಮುಚ್ಚಲಾಗದು. ದಿನವೂ ಹತ್ತು ಸಲ ತಪ್ಪಿ ಹತ್ತು ಸಲ ತಿದ್ದಿಸಿಕೊಂಡವನಿಗೆ ತಪ್ಪಿನ ಅಂಜಿಕೆ ಹೋಗುತ್ತದೆ. ಅಂಜಿಕೆ ಹೋದಲ್ಲಿ ಕಲಿಕೆ ಬೇಗ ಸಾಗುತ್ತದೆ.

ಸಂಚಾರಿ ಪಾಠಶಾಲೆ

1914ರಲ್ಲಿ ಶ್ರೀ ಕುಮಾರ ಮಹಾಸ್ವಾಮಿಗಳು ನಿಡಗುಂದಿಕೊಪ್ಪದಲ್ಲಿ ಸಂಗೀತ ಪಾಠಶಾಲೆಯನ್ನು ಆರಂಭಿಸಿ ಅದರ ಹೊಣೆಯನ್ನು ಇಪ್ಪತ್ತೆರಡರ ಹರೆಯದ ಪಂಚಾಕ್ಷರ ಗವಾಯಿಗಳಿಗೆ ಒಪ್ಪಿಸಿದರು. ಈ ಶಾಲೆಗೆ ಸ್ಥಿರವಾದ ಕಟ್ಟಡವಿರಲಿಲ್ಲ, ಇನಾಮು ಭೂಮಿಯಿರಲಿಲ್ಲ, ಸರಕಾರದ ಅನುದಾನವಿರಲಿಲ್ಲ. ಶಿಷ್ಯರನ್ನು ಕಟ್ಟಿಕೊಂಡು ಊರಿಂದೂರಿಗೆ ಸಾಗುವ ಸಂಚಾರಿ ಪಾಠಶಾಲೆ ಅದು. ಹೋದ ಊರಿನ ಭಕ್ತರು ನೀಡಿದ ಕಾಳುಕಡಿಯೇ ಮಕ್ಕಳ ಪ್ರಸಾದ. ಮಠವೋ ಗುಡಿಯೋ ದೊರೆತ ಸೂರೇ ತರಗತಿ. ಶಿಷ್ಯರಲ್ಲಿ ಅಂಧರಿದ್ದರು, ಅನಾಥರಿದ್ದರು, ಕಣ್ಣಿದ್ದೂ ಒಪ್ಪತ್ತಿನ ಗಂಜಿಗೆ ಗತಿಯಿಲ್ಲದವರಿದ್ದರು. ಜಾತಿಯ ಪ್ರಶ್ನೆಯಿಲ್ಲ, ಶುಲ್ಕದ ಮಾತಿಲ್ಲ. ಊರು ಬದಲಾದರೂ ಪಾಠ ತಪ್ಪದಿದ್ದುದೇ ಆ ಶಾಲೆಯ ದೊಡ್ಡ ಆಸ್ತಿ.

ಗವಾಯಿಗಳಂತಹ ವಿದ್ವಾಂಸರಿಗೆ ಬೇರೆ ದಾರಿಗಳಿರಲಿಲ್ಲವೆಂದಲ್ಲ. ಸಂಸ್ಥಾನಿಕರು ಗಾಯಕರನ್ನು ಆದರಿಸುತ್ತಿದ್ದ ಕಾಲವದು. ನಾಟಕ ಕಂಪನಿಗಳು ಕಂಠವುಳ್ಳವರನ್ನು ಹುಡುಕುತ್ತಿದ್ದ ಕಾಲವೂ ಅದೇ. ಒಬ್ಬರ ಹೊಟ್ಟೆಗೆ, ಒಬ್ಬರ ಕೀರ್ತಿಗೆ ಆ ವಿದ್ಯೆ ಧಾರಾಳವಾಗಿ ಸಾಕಾಗುತ್ತಿತ್ತು. ಗವಾಯಿಗಳು ಬ್ರಹ್ಮಚರ್ಯವನ್ನೂ ಜೋಳಿಗೆಯನ್ನೂ ಆರಿಸಿಕೊಂಡರು. 1930ರಲ್ಲಿ ಶ್ರೀ ಕುಮಾರ ಮಹಾಸ್ವಾಮಿಗಳು ಲಿಂಗೈಕ್ಯರಾದಾಗ ಪಾಠಶಾಲೆಯು ತನ್ನ ಮಹಾಪೋಷಕರನ್ನು ಕಳೆದುಕೊಂಡಿತು. ಸಂಸ್ಥೆಯೊಂದು ಚದುರಿಹೋಗಲು ಅಷ್ಟು ಕಾರಣ ಸಾಕಾಗಿತ್ತು. ಮಕ್ಕಳನ್ನು ಅವರವರ ಊರಿಗೆ ಕಳುಹಿಸಿಕೊಟ್ಟಿದ್ದರೆ ಯಾರೂ ದೂಷಿಸುತ್ತಿರಲಿಲ್ಲ. ಆದರೆ ಆ ಮಕ್ಕಳಲ್ಲಿ ಅನೇಕರಿಗೆ ಹಿಂದಿರುಗಲು ಮನೆಯೇ ಇರಲಿಲ್ಲ. ಗವಾಯಿಗಳು ಶಾಲೆಯನ್ನು ಮುಚ್ಚಲಿಲ್ಲ.

ಇಲ್ಲಿ ಒಂದು ಸತ್ಯವನ್ನು ಮರೆಯಬಾರದು. ಶ್ರದ್ಧೆ, ಅಭ್ಯಾಸಗಳು ವಿದ್ಯಾರ್ಥಿಯವು. ಆದರೆ ಅವು ಬೆಳೆಯುವ ನೆಲವನ್ನು ಹಸನು ಮಾಡಿಕೊಡುವವರು ಬೇರೆಯವರು. ಹಸಿದ ಮಗುವಿಗೆ ಅವಧಾನವನ್ನು ಬೋಧಿಸಿ ಫಲವಿಲ್ಲ. ನಾಳೆ ಎಲ್ಲಿ ಮಲಗುವೆನೆಂದು ಅರಿಯದ ಬಾಲಕನಿಗೆ ಕ್ರಮದ ಮಹತ್ವ ಹೇಳಿ ಪ್ರಯೋಜನವಿಲ್ಲ. ಕಾಡಶೆಟ್ಟಿಹಳ್ಳಿಯ ಗದಿಗೆಯ್ಯನಲ್ಲಿ ಪ್ರತಿಭೆ ಎಷ್ಟೇ ಇದ್ದರೂ ಒಬ್ಬ ಮಹಾತ್ಮರು ಕೈಹಿಡಿಯದಿದ್ದರೆ ಅದು ಆ ಹಳ್ಳಿಯಲ್ಲಿಯೇ ನಂದಿಹೋಗುತ್ತಿತ್ತು. ತಾವು ಹೇಗೆ ಮೇಲೆ ಬಂದೆವೆಂಬುದನ್ನು ಗವಾಯಿಗಳು ಮರೆಯಲಿಲ್ಲ. ಆದಕಾರಣವೇ ಅವರು ಪಾಠಕ್ಕಿಂತ ಮೊದಲು ಪ್ರಸಾದದ ಚಿಂತೆ ಮಾಡಿದರು. ಕಾಲಾಂತರದಲ್ಲಿ ಗದುಗಿನ ದಾನಿಗಳಾದ ಬಸರಿಗಿಡದ ವೀರಪ್ಪನವರ ಔದಾರ್ಯದಿಂದ ಅಲೆದಾಡುವ ಶಾಲೆಗೆ ಗದುಗಿನಲ್ಲಿ ನೆಲೆ ದೊರೆಯಿತು. ಅದೇ ಇಂದಿನ ಶ್ರೀ ವೀರೇಶ್ವರ ಪುಣ್ಯಾಶ್ರಮ.

ಶಿಷ್ಯನ ಪಕ್ಕದಲ್ಲಿ ಗುರು

ಗವಾಯಿಗಳ ಶಿಷ್ಯಪರಂಪರೆ ದೊಡ್ಡದು. ಹಾನಗಲ್ಲ ತಾಲೂಕಿನ ದೇವಗಿರಿಯಲ್ಲಿ 1914ರ ಮಾರ್ಚ್ 3ರಂದು ಹುಟ್ಟಿ, ಹಸುಳೆಯಾಗಿದ್ದಾಗಲೇ ದೃಷ್ಟಿ ಕಳೆದುಕೊಂಡ ಪುಟ್ಟಯ್ಯನನ್ನು ಸೋದರಮಾವನು ತಂದು ಗವಾಯಿಗಳಿಗೆ ಒಪ್ಪಿಸಿದನು. ಆ ಬಾಲಕನೇ ಮುಂದೆ ಪಂಡಿತ ಪುಟ್ಟರಾಜ ಗವಾಯಿಗಳಾದರು. ಧಾರವಾಡ ಸೀಮೆಯ ಯಲಿವಾಳದ ಬಸವರಾಜ ರಾಜಗುರು, ಅರ್ಜುನಸಾ ನಾಕೋಡ, ಸಿದ್ಧರಾಮ ಜಂಬಲದಿನ್ನಿ ಮೊದಲಾದವರೂ ಈ ಗುರುವಿನ ಪಾದದಲ್ಲಿ ಕುಳಿತು ಕಲಿತವರು.

1936ರಲ್ಲಿ ವಿಜಯನಗರ ಸಾಮ್ರಾಜ್ಯ ಸ್ಥಾಪನೆಯ ಆರುನೂರನೆಯ ವರ್ಷದ ಉತ್ಸವವು ಹಂಪಿಯಲ್ಲಿ ಜರುಗಿತು. ಆ ಮಹಾಸಭೆಯಲ್ಲಿ ಇನ್ನೂ ಹದಿಹರೆಯದ ಬಸವರಾಜ ರಾಜಗುರುಗಳು ಮೊದಲ ಬಾರಿಗೆ ಸಾರ್ವಜನಿಕವಾಗಿ ಹಾಡಿದರು. ಅವರಿಗೆ ತಬಲಾ ಸಾಥಿಗೆ ಕುಳಿತವರು ಸ್ವತಃ ಪಂಚಾಕ್ಷರ ಗವಾಯಿಗಳು. ಉಭಯ ಗಾನದಲ್ಲಿ ಹೆಸರಾದ ಗುರುವು ತಾನು ಹಾಡದೆ, ಶಿಷ್ಯನು ಮುಂದೆ ಹಾಡುತ್ತಿರಲು ಪಕ್ಕದಲ್ಲಿ ಕುಳಿತು ಲಯ ಹಿಡಿದು ನಡೆಸಿದ ಆ ದೃಶ್ಯವನ್ನು ಪ್ರತಿಯೊಬ್ಬ ಶಿಕ್ಷಕನೂ ಒಮ್ಮೆ ಮನಸ್ಸಿನಲ್ಲಿ ಕಂಡುಕೊಳ್ಳಬೇಕು. ತಬಲೆಯು ಹಾಡನ್ನು ಮೀರಿ ಮೊಳಗುವಂತಿಲ್ಲ. ಹಾಡುಗಾರನು ತಡವರಿಸಿದಲ್ಲಿ ಕೈಬಿಡುವಂತೆಯೂ ಇಲ್ಲ. ಸಮಕ್ಕೆ ಬಂದು ಸೇರುವ ಕೀರ್ತಿ ಶಿಷ್ಯನದು, ಸಮವನ್ನು ಕಾದು ನಿಲ್ಲಿಸುವ ಹೊಣೆ ಗುರುವಿನದು. ಎಳೆಯನಿಗೆ ಇದಕ್ಕಿಂತ ದೊಡ್ಡ ಅಭಯ ಮತ್ತೊಂದಿಲ್ಲ. ವಿದ್ಯಾರ್ಥಿಯು ತನ್ನ ಶಕ್ತಿಯನ್ನು ನಂಬಬೇಕಾದರೆ ಅವನಿಗಿಂತ ಮೊದಲು ಗುರುವು ಅದನ್ನು ನಂಬಿರಬೇಕು. ಆ ನಂಬಿಕೆ ಹುಸಿಯಾಗಲಿಲ್ಲ. ರಾಜಗುರುಗಳು ದೇಶದ ಅಗ್ರಗಣ್ಯ ಗಾಯಕರಾಗಿ 1991ರಲ್ಲಿ ಪದ್ಮಭೂಷಣ ಪ್ರಶಸ್ತಿಗೆ ಪಾತ್ರರಾದರು. ಅದೇ ವರ್ಷ ನಿಧನರಾದರು.

ಲಿಂಗೈಕ್ಯ ಮತ್ತು ಪರಂಪರೆ

1944ರ ಜೂನ್ 11ರಂದು ಪಂಚಾಕ್ಷರ ಗವಾಯಿಗಳು ಲಿಂಗೈಕ್ಯರಾದರು. ಅವರಿಗಾಗ ಐವತ್ತೆರಡು ವರುಷ. ಆಶ್ರಮದ ಭಾರವು ಮೂವತ್ತರ ಹರೆಯದ ಪುಟ್ಟರಾಜರ ಹೆಗಲಿಗೆ ಬಂದಿತು. ಗುರುವಿನಂತೆ ಶಿಷ್ಯನೂ ಅಂಧ. ಗುರುವಿನಂತೆ ಶಿಷ್ಯನೂ ಜೋಳಿಗೆ ಹಿಡಿದನು. ಪುಟ್ಟರಾಜ ಗವಾಯಿಗಳು ಕನ್ನಡ, ಸಂಸ್ಕೃತ, ಹಿಂದಿ ಮೂರು ಭಾಷೆಗಳಲ್ಲಿ ಗ್ರಂಥಗಳನ್ನು ರಚಿಸಿದರು. ಅನೇಕ ವಾದ್ಯಗಳಲ್ಲಿ ಪರಿಣತರಾದರು. ನಾಟಕಗಳನ್ನು ಬರೆದು ಆಡಿಸಿ, ಅದರ ಉತ್ಪನ್ನದಿಂದ ಮಕ್ಕಳ ಪ್ರಸಾದವನ್ನು ನಡೆಸಿದರು. 2010ರಲ್ಲಿ ಅವರಿಗೆ ಪದ್ಮಭೂಷಣ ಪ್ರಶಸ್ತಿ ಬಂದಿತು. ಅದೇ ವರ್ಷ ಸೆಪ್ಟೆಂಬರ್ 17ರಂದು ಅವರು ಲಿಂಗೈಕ್ಯರಾದರು. ಗುರುವು ಮೂರು ದಶಕಗಳ ಕಾಲ ಹೊತ್ತ ಭಾರವನ್ನು ಶಿಷ್ಯನು ಅರುವತ್ತಾರು ವರ್ಷಗಳ ಕಾಲ ಹೊತ್ತನು. 1995ರಲ್ಲಿ ಗಾನಯೋಗಿಗಳ ಜೀವನವು ಚಲನಚಿತ್ರವಾಗಿ ಬಂದು, ಅದರ ಸಂಗೀತ ಮತ್ತು ಗಾಯನಗಳಿಗೆ ರಾಷ್ಟ್ರಪ್ರಶಸ್ತಿಗಳು ದೊರೆತವು. ಇವೆಲ್ಲಕ್ಕಿಂತ ಹಿರಿದಾದ ಸ್ಮಾರಕವೆಂದರೆ ಇಂದಿಗೂ ಗದುಗಿನ ಆಶ್ರಮದಲ್ಲಿ ಅಂಧ, ಅನಾಥ ಮಕ್ಕಳು ಸ್ವರ ಹಿಡಿದು ಕುಳಿತಿರುವುದು.

ಮಹಾತ್ಮರ ಚರಿತ್ರೆಯನ್ನು ಓದಿ ಕೈಮುಗಿದರೆ ಸಾಲದು. ಗವಾಯಿಗಳಿಗೆ ಸಾಧ್ಯವಾದುದು ಅವರ ಅಸಾಧಾರಣ ಪ್ರತಿಭೆಯಿಂದ ಎಂದು ಹೇಳಿ ಕೈತೊಳೆದುಕೊಳ್ಳುವ ಪರಿಪಾಠವುಂಟು. ಪ್ರತಿಭೆ ಇದ್ದುದು ನಿಜ. ಆದರೆ ಕಿವಿಗೊಟ್ಟು ಕೇಳುವುದು, ಬೇಸರವಿಲ್ಲದೆ ಆವರ್ತಿಸುವುದು, ಮೆಟ್ಟಿಲು ಬಿಡದೆ ಏರುವುದು, ತಪ್ಪನ್ನು ತಿದ್ದಿಸಿಕೊಳ್ಳುವುದು, ಈ ನಾಲ್ಕಕ್ಕೆ ಅಸಾಧಾರಣ ಪ್ರತಿಭೆ ಬೇಡ. ಹೊಲದ ಕೆಲಸ ಮುಗಿಸಿ ಶಾಲೆಗೆ ಓಡಿಬರುವ ಬಾಲಕನಿಗೂ ತಮ್ಮಂದಿರನ್ನು ಎತ್ತಿ ಆಡಿಸುತ್ತ ಪಾಠ ಓದುವ ಬಾಲಕಿಗೂ ಅವು ಎಟುಕುವಂತಹವೇ. ಅವರ ಮನೆಯಲ್ಲಿ ದೀಪವಿದೆಯೇ, ಹೊಟ್ಟೆಯಲ್ಲಿ ಅನ್ನವಿದೆಯೇ ಎಂದು ವಿಚಾರಿಸುವುದು ಶಿಕ್ಷಕರ, ಹಳೆಯ ವಿದ್ಯಾರ್ಥಿಗಳ, ದಾನಿಗಳ ಪಾಲಿನ ಕೆಲಸ. ಕುಮಾರ ಮಹಾಸ್ವಾಮಿಗಳು ಒಂದು ಹಳ್ಳಿಯಲ್ಲಿ ಒಂದು ಕಂಠವನ್ನು ಕೇಳಿ ನಿಂತರು. ಅವರು ನಿಲ್ಲದೆ ಮುಂದೆ ಸಾಗಿದ್ದರೆ ಪಂಚಾಕ್ಷರರಿಲ್ಲ, ಪುಟ್ಟರಾಜರಿಲ್ಲ, ರಾಜಗುರುಗಳಿಲ್ಲ. ಯಾವ ಹಳ್ಳಿಯಲ್ಲಿ, ಯಾವ ತರಗತಿಯ ಹಿಂದಿನ ಸಾಲಿನಲ್ಲಿ ಅಂತಹ ಇನ್ನೊಂದು ಕಂಠ ಕಾದು ಕುಳಿತಿದೆಯೋ ಹೇಳಬಲ್ಲವರಾರು? ಕೇಳಿ ನಿಲ್ಲುವ ಕಿವಿಗಳು ಇರುವವರೆಗೆ ಗಾನಯೋಗಿಗಳ ಪಾಠಶಾಲೆ ಮುಚ್ಚಲಾರದು.